ಕ್ಯಾಮೆರಾ ಕಾಣದ ಕುರ್ಚಿ

ಬರ್ಟಿಲ್ ಎನ್ನುವುದು ಸ್ವೀಡನ್ನಿನ ಐಕಿಯಾ ಕಂಪನಿ ಮಾರುತ್ತಿದ್ದ ಒಂದು ಸಾದಾ ಮರದ ಕುರ್ಚಿ. ಪೀಠೋಪಕರಣಗಳ ಇತಿಹಾಸ ಬರೆಯುವವರು ಅದರ ಹೆಸರೆತ್ತುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ಸುತ್ತ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂದು ಬೋರ್ಡು ಹಾಕುವಂಥದ್ದೂ ಅಲ್ಲ. ಆದರೆ 2006ರ ಶರತ್ಕಾಲದಲ್ಲಿ ಗಿರಾಕಿಗಳ ಮುಂದೆ ಬಂದ ಬರ್ಟಿಲ್‌ನ ಚಿತ್ರದಲ್ಲಿ ಒಂದು ವಿಶೇಷವಿತ್ತು. ಆ ಕುರ್ಚಿಯ ಎದುರು ಯಾವ ಕ್ಯಾಮೆರಾವೂ ನಿಂತಿರಲಿಲ್ಲ. ಕಾಲು, ಬೆನ್ನು, ಮರದ ಎಳೆ, ಕೆಳಗೆ ಬಿದ್ದ ನೆರಳು ಎಲ್ಲವೂ ಕಂಪ್ಯೂಟರಿನ ಲೆಕ್ಕದಿಂದ ಹುಟ್ಟಿದ್ದವು. ಕಂಪನಿಗೆ ಬೇಕಾಗಿದ್ದದ್ದು ಚಪ್ಪಾಳೆಯಲ್ಲ. ಯಾರ ಗಮನಕ್ಕೂ ಬಾರದೆ ಆ ಚಿತ್ರ ದಾಟಿಹೋಗಬೇಕಿತ್ತು, ಅಷ್ಟೆ.

ಈ ಕೆಲಸ ಹೇಗಾಯಿತು ಎನ್ನುವ ಮೊದಲು ಯಾಕೆ ಬೇಕಾಯಿತು ಎಂದು ನೋಡೋಣ. ಐಕಿಯಾದ ತವರು ದಕ್ಷಿಣ ಸ್ವೀಡನ್ನಿನ ಎಲ್ಮ್‌ಹುಲ್ಟ್ ಎಂಬ ಚಿಕ್ಕ ಊರು. ಕಂಪನಿಯ ಸ್ಥಾಪಕ ಇಂಗ್ವಾರ್ ಕಾಂಪ್ರಾಡ್ ಅಲ್ಲಿಂದಲೇ 1951ರಲ್ಲಿ ಮೊದಲ ಕ್ಯಾಟಲಾಗನ್ನು ಹೊರತಂದ. 68 ಪುಟ, 2,85,000 ಪ್ರತಿ, ಮುಖಪುಟದ ಮೇಲೆ ಎಂ.ಕೆ. ಎಂಬ ಅಗಲ ರೆಕ್ಕೆಯ ಆರಾಮಕುರ್ಚಿ. ಊರಿನ ದೊಡ್ಡ ಅಂಗಡಿ ತೆರೆದದ್ದು 1958ರಲ್ಲಿ. ಅಂದರೆ ಇವರ ವ್ಯಾಪಾರಕ್ಕೆ ಅಂಗಡಿಗಿಂತ ಮೊದಲು ಚಿತ್ರ ಬಂತು. ಮೊದಮೊದಲು ಗಿರಾಕಿ ಕುರ್ಚಿಯನ್ನು ಮುಟ್ಟಿ ನೋಡಿ ಕೊಳ್ಳುತ್ತಿರಲಿಲ್ಲ, ಪುಟ ತಿರುವಿ ಕೊಳ್ಳುತ್ತಿದ್ದ.

ಫೋಟೋ ತೆಗೆಯುವ ಕೆಲಸವೇ ಒಮ್ಮೆ ಈ ಕಂಪನಿಗೆ ಹೊಸ ದಾರಿ ತೋರಿಸಿತ್ತು. ಕಂಪನಿಯವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಕತೆಯಿದು: 1956ರ ಸುಮಾರಿಗೆ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ಅಲ್ಲಿನ ನಕಾಶೆಗಾರ ‘ಲೋವೆಟ್’ ಎಂಬ ಎಲೆಯಾಕಾರದ ಮೇಜಿನ ಫೋಟೋ ಮುಗಿಸಿ ಅದನ್ನು ಕಾರಿಗೆ ತುಂಬಲು ಹೋದ. ಮೂರು ಕಾಲಿನ ಮೇಜು ಹೇಗೆ ಹೊರಳಿಸಿದರೂ ಒಳಗೆ ಹೋಗಲಿಲ್ಲ. ಕಾಲುಗಳನ್ನು ಕಿತ್ತು ಹಲಗೆಯ ಅಡಿಯಲ್ಲಿಟ್ಟ. ಬಿಡಿಭಾಗಗಳನ್ನು ಚಪ್ಪಟೆ ಡಬ್ಬದಲ್ಲಿ ಮಾರಿ, ಜೋಡಿಸುವ ಕೆಲಸವನ್ನು ಕೊಂಡವರ ತಲೆಗೇ ಕಟ್ಟುವ ವ್ಯಾಪಾರಕ್ಕೆ ಕಂಪನಿ ಹೊರಳಿದ್ದು ಆಮೇಲೆ. (ಇದನ್ನು ಮೊದಲು ಮಾಡಿದವರು ಇವರೇನಲ್ಲ. ಆ ಮಾತು ಮುಂದೆ ಬರುತ್ತದೆ.) ಹೀಗೆ ಫೋಟೋಗಾಗಿ ಸಾಗಿಸುವ ಕಷ್ಟದಿಂದ ಮೇಜು ಬಿಡಿಭಾಗವಾಯಿತು. ಐವತ್ತು ವರ್ಷದ ಬಳಿಕ ಅದೇ ಕಷ್ಟದಿಂದ ಫೋಟೋ ತೆಗೆಯುವುದೇ ಮಾಯವಾಗತೊಡಗಿತು.

ಆ ಹೊತ್ತಿಗೆ ಕಷ್ಟ ಒಂದು ಕಾರಿನದಾಗಿ ಉಳಿದಿರಲಿಲ್ಲ. ಎಲ್ಮ್‌ಹುಲ್ಟ್‌ನಲ್ಲಿ ಉತ್ತರ ಯುರೋಪಿನ ಅತಿ ದೊಡ್ಡ ಫೋಟೋ ಸ್ಟುಡಿಯೋಗಳಲ್ಲೊಂದು ಬೆಳೆದಿತ್ತು. ಲೋಕದ ನಾನಾ ಮೂಲೆಗಳಲ್ಲಿ ತಯಾರಾಗುವ ಸಾಮಾನಿನ ಮೊದಲ ಮಾದರಿಗಳು, ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗುವುದಕ್ಕೂ ಮುಂಚೆ, ಹಡಗು ವಿಮಾನ ಹತ್ತಿ ಈ ಊರಿಗೆ ಬರಬೇಕಿತ್ತು. ಅಲ್ಲಿ ಗೋಡೆ ಕಟ್ಟಿ, ಬಣ್ಣ ಬಳಿದು, ದೀಪ ಹಚ್ಚಿ ಫೋಟೋ ತೆಗೆದು ಮತ್ತೆ ಎಲ್ಲವನ್ನೂ ಕೆಡವಬೇಕು. ಇದರಲ್ಲಿ ಅಡುಗೆಮನೆಯ ಪಾಡು ಎಲ್ಲಕ್ಕಿಂತ ಕಷ್ಟದ್ದು. ಅಮೆರಿಕದ ಅಡುಗೆಮನೆಯ ಅಳತೆಯೇ ಬೇರೆ, ಜರ್ಮನಿಯದೇ ಬೇರೆ, ಜಪಾನಿನದೇ ಬೇರೆ. ಅದೇ ಕಪಾಟು, ಅದೇ ಬಾಗಿಲು; ಮನೆಯೊಂದೇ ಬದಲು. ಒಂದೊಂದು ದೇಶಕ್ಕೂ ಸಿಂಕು ಒಲೆ ಜೋಡಿಸಿ ಪೂರ್ತಿ ಅಡುಗೆಮನೆಯನ್ನೇ ಕಟ್ಟಿ ಕೆಡವುವುದೆಂದರೆ ದುಡ್ಡಿಗೂ ದಂಡ, ಮರಕ್ಕೂ ದಂಡ.

2000ದ ದಶಕದ ನಡುವೆ ಕಂಪನಿಯ ಒಳಗಿನ ಪ್ರಚಾರ ವಿಭಾಗ ಇದಕ್ಕೊಂದು ಉಪಾಯ ಹುಡುಕತೊಡಗಿತು. ತರಬೇತಿಗೆ ಬಂದ ಮೂವರು ಹುಡುಗರ ಕೈಗೆ ಕಂಪ್ಯೂಟರ್ ಕೊಟ್ಟು, ಇದು ಆಗುವ ಮಾತೇ ನೋಡಿ ಎಂದರು. ಅವರ ಪ್ರಯತ್ನದಿಂದ ಶುರುವಾದ ದಾರಿಯ ಮೊದಲ ಮೈಲಿಗಲ್ಲು ಬರ್ಟಿಲ್. ಈ ಕತೆಯನ್ನು ಅಲ್ಲಿನ ತಂತ್ರಜ್ಞಾನ ವ್ಯವಸ್ಥಾಪಕ ಮಾರ್ಟಿನ್ ಎನ್‌ಥೆಡ್ 2014ರಲ್ಲಿ ಹೇಳಿಕೊಂಡ.

ಆ ಹುಡುಗರು ಶೂನ್ಯದಿಂದ ಏನನ್ನೂ ಕಟ್ಟಬೇಕಾಗಿರಲಿಲ್ಲ. ಅವರ ಕೈಗೆ ಬಂದ ತಂತ್ರಾಂಶದ ಹಿಂದೆ ನಲವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯಿತ್ತು. ಆ ದುಡಿಮೆಯ ಮೊದಲ ಭಾಗ ಬಂದದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಕಾರಿನ ಮೈಯ ಬಾಗುಗಳನ್ನು ಅಂಕಿಗಳಲ್ಲಿ ಹೇಗೆ ಹೇಳುವುದು? ಸಿಟ್ರೊಯೆನ್ ಕಂಪನಿಯ ಪೌಲ್ ದ ಕಾಸ್ಟೆಲ್ಜೊ 1959ರಲ್ಲಿ ದಾರಿ ಕಂಡುಕೊಂಡ: ಕೆಲವೇ ಬಿಂದುಗಳನ್ನು ಗುರುತು ಮಾಡಿದರೆ ಸಾಕು, ನಡುವಿನ ಬಾಗು ಲೆಕ್ಕದಿಂದ ತಾನಾಗಿ ಮೂಡುತ್ತದೆ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೆ ಸ್ವತಂತ್ರವಾಗಿ ಅದೇ ಬಗೆಯ ಬಾಗುಗಳನ್ನು ಕಂಡುಕೊಂಡು ಬರೆದು ಪ್ರಕಟಿಸಿದ. ಇವತ್ತು ಲೋಕವೆಲ್ಲ ಅವನ್ನು ಬೆಜಿಯೆ ಬಾಗು ಎನ್ನುತ್ತದೆ. ಗುಟ್ಟು ಕಾಯ್ದ ಕಂಪನಿಯಿಂದಾಗಿ ಒಬ್ಬ ಗಣಿತಜ್ಞನ ಹೆಸರು ಮಸುಕಾಯಿತು.

ಕಾರಿನಿಂದ ಮನೆಯೊಳಗಿನ ಸಾಮಾನಿಗೆ ದಾಟಿದ್ದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ. 1972ರಲ್ಲಿ ಐವನ್ ಸದರ್‌ಲೆಂಡ್ ತಮ್ಮ ಮನೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನೇ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದರು. ವಿದ್ಯಾರ್ಥಿಗಳು ಕಾರಿನ ಮೈಮೇಲೆ ಗೆರೆ ಎಳೆದು, ಅಳತೆಕೋಲು ಹಿಡಿದು ಬಿಂದು ಬಿಂದುವನ್ನು ಅಳೆದು ಬರೆದುಕೊಂಡರು. ಅದಾಗಿ ಎರಡು ಮೂರು ವರ್ಷದಲ್ಲಿ ಅಲ್ಲಿಯೇ ಇದ್ದ ಮಾರ್ಟಿನ್ ನ್ಯೂವೆಲ್‌ಗೆ ಪ್ರಯೋಗಕ್ಕೆ ಒಂದು ವಸ್ತು ಬೇಕಾಯಿತು. ಚಹಾ ಕುಡಿಯುತ್ತಿದ್ದಾಗ ಹೆಂಡತಿ ಸ್ಯಾಂಡ್ರಾ, ಮೇಜಿನ ಮೇಲಿರುವ ಇದನ್ನೇ ಯಾಕೆ ಮಾಡಬಾರದು ಎಂದರು. ನ್ಯೂವೆಲ್ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಆ ಟೀಪಾಟನ್ನು ಕಣ್ಣಳತೆಯಲ್ಲೇ ಬಿಡಿಸಿ, ಬಿಂದುಗಳನ್ನು ಕಂಪ್ಯೂಟರಿಗೆ ಊಡಿದ. ಆಮೇಲೆ ಲೋಕದ ಗ್ರಾಫಿಕ್ಸ್ ಪ್ರಯೋಗಾಲಯಗಳೆಲ್ಲ ಆ ಅಂಕಿಗಳನ್ನೇ ತೆಗೆದುಕೊಂಡು ತಮ್ಮ ತಂತ್ರ ಪರೀಕ್ಷಿಸಿದವು. ಅಸಲಿ ಟೀಪಾಟು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಮ್ಯೂಸಿಯಮ್ಮಿನಲ್ಲಿದೆ.

ಆಕಾರ ಸಿಕ್ಕಿತು. ಮರ ಸಿಗಲಿಲ್ಲ.

1974ರಲ್ಲಿ ಎಡ್ವಿನ್ ಕ್ಯಾಟ್‌ಮಲ್, ಇವರೂ ಯೂಟಾದವರೇ, ಆಕಾರದ ಮೈಮೇಲೆ ಚಿತ್ರವೊಂದನ್ನು ಹೊದಿಸುವ ಉಪಾಯ ಕೊಟ್ಟಿದ್ದರು. ಗೋಡೆ, ನೆಲ, ಬಟ್ಟೆಗೆ ಅದು ಸಾಕು. ಕುರ್ಚಿಗೆ ಸಾಲದು. ಮರದ ಕೋಲನ್ನು ಉದ್ದಕ್ಕೆ ನೋಡಿದರೆ ಎಳೆಗಳು ಓಡುತ್ತವೆ, ತುದಿಯಲ್ಲಿ ನೋಡಿದರೆ ಉಂಗುರಗಳು ಕಾಣುತ್ತವೆ, ಮತ್ತು ಅಂಚಿನಲ್ಲಿ ಎರಡೂ ಕೂಡಿಕೊಳ್ಳಬೇಕು. ಅಂಟಿಸಿದ ಚಿತ್ರದಲ್ಲಿ ಅವು ಕೂಡುವುದಿಲ್ಲ. ಬಡಗಿ ಬೇಡ, ಮರದ ಸಾಮಾನಿನ ಜೊತೆ ಬೆಳೆದ ಯಾರ ಕಣ್ಣಿಗಾದರೂ ಏನೋ ಕೆಟ್ಟಿದೆ ಎಂದು ಹೊಳೆಯುತ್ತದೆ. ಏನು ಎಂದು ಹೇಳಲು ಬಾರದಿರಬಹುದು.

ಇದಕ್ಕೆ ಉತ್ತರ 1985ರಲ್ಲಿ ಒಂದೇ ಸಮ್ಮೇಳನದಲ್ಲಿ ಇಬ್ಬರಿಂದ ಬಂತು. ಒಬ್ಬ ಕೆನ್ ಪರ್ಲಿನ್, ಇನ್ನೊಬ್ಬ ಡಾರ್ವಿನ್ ಪೀಚಿ. ಚಿತ್ರವನ್ನು ಮೈಮೇಲೆ ಅಂಟಿಸಬೇಡಿ, ವಸ್ತುವಿನ ಒಳಗೆಲ್ಲ ತುಂಬಿಸಿ ಎಂದರು ಇಬ್ಬರೂ. ಮೊದಲು ಕಂಪ್ಯೂಟರಿನಲ್ಲಿ ಇಡೀ ಮರದ ದಿಮ್ಮಿಯ ಲೆಕ್ಕವಿರಲಿ. ಆಮೇಲೆ ಕುರ್ಚಿಯ ಕಾಲನ್ನು ಆ ದಿಮ್ಮಿಯಿಂದ ಕೊರೆದು ತೆಗೆಯಿರಿ. ಮೈಸೂರುಪಾಕನ್ನು ಎಲ್ಲಿ ಕೊಯ್ದರೂ ಒಳಗಿನ ಗೂಡು ಕಾಣುವಂತೆ, ಕಾಲನ್ನು ಹೇಗೆ ಕತ್ತರಿಸಿದರೂ ಅಲ್ಲಿ ಇರಬೇಕಾದ ಎಳೆಯೇ ಕಾಣುತ್ತದೆ. ಪರ್ಲಿನ್ ಅಷ್ಟಕ್ಕೇ ನಿಲ್ಲಲಿಲ್ಲ. ‘ಟ್ರಾನ್’ ಸಿನಿಮಾದ ಕಂಪ್ಯೂಟರ್ ಚಿತ್ರಗಳನ್ನು ಮಾಡಿದ ಕಂಪನಿಗಳಲ್ಲೊಂದರಲ್ಲಿ ಆತ ಕೆಲಸ ಮಾಡಿದ್ದ. ಎಲ್ಲವೂ ಯಂತ್ರದಂತೆ ನಯವಾಗಿ, ಕಲೆಯೊಂದೂ ಇಲ್ಲದೆ ಕಾಣುವುದು ಅವನಿಗೆ ರೇಜಿಗೆ ಹಿಡಿಸಿತ್ತು. ಸಂಖ್ಯೆಗಳಿಗೆ ಹದವಾದ ಗೊಂದಲವೊಂದನ್ನು ಬೆರೆಸುವ ಸೂತ್ರವನ್ನು ಬರೆದ. ಈಗ ಅದು ಪರ್ಲಿನ್ ನಾಯ್ಸ್ ಎಂದು ಪ್ರಸಿದ್ಧ. ಉಂಗುರಗಳು ಕೈವಾರದಿಂದ ಎಳೆದಂತೆ ಇರದೆ ಅಲ್ಲಲ್ಲಿ ಅಲುಗಿ, ಹಿಗ್ಗಿ, ಕುಗ್ಗಿದ ಮೇಲೆಯೇ ಅದು ಮರವಾಯಿತು. ಈ ಸೂತ್ರಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಊರಿನ ಬಡಗಿಗೆ ಇದನ್ನು ಹೇಳಿದರೆ, ಮರ ಡೊಂಕಾಗಿರುತ್ತದೆ ಅನ್ನೋದಕ್ಕೂ ಪ್ರಶಸ್ತಿಯೇ ಎಂದು ನಕ್ಕಾನು.

ಇನ್ನು ಬೆಳಕಿನ ಕತೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಸೊಗಸಾದ ಭಾಗ ಇದೇ. 1980ರಲ್ಲಿ ಟರ್ನರ್ ವಿಟೆಡ್ ಬೆಳಕಿನ ಕಿರಣಗಳನ್ನು ಕಣ್ಣಿನಿಂದ ಹಿಂದಕ್ಕೆ ಬೆನ್ನಟ್ಟುವ ವಿಧಾನವನ್ನು ಪ್ರಕಟಿಸಿದ. ತೇಲುವ ಎರಡು ಗೋಲಗಳ ಒಂದೇ ಒಂದು ಚಿತ್ರಕ್ಕೆ ಆ ಕಾಲದ ಬಲಿಷ್ಠ ಯಂತ್ರವೂ 74 ನಿಮಿಷ ತೆಗೆದುಕೊಂಡಿತು. ಗಾಜು, ಕನ್ನಡಿ ಅದ್ಭುತವಾಗಿ ಬಂದವು. ಆದರೆ ಕೋಣೆಯೊಳಗೆ ಒಂದು ಕುರ್ಚಿಯನ್ನಿಟ್ಟು ನೋಡಿ. ಅದರ ಮೇಲೆ ಬೀಳುವ ಬೆಳಕಿನಲ್ಲಿ ದೀಪದಿಂದ ನೇರ ಬಂದದ್ದು ಒಂದು ಪಾಲು ಮಾತ್ರ. ಉಳಿದದ್ದು ಗೋಡೆ, ನೆಲ, ಸೂರಿಗೆ ಬಡಿದು ಚದುರಿ ಬಂದದ್ದು. ಕುರ್ಚಿಯ ಅಡಿಯಲ್ಲಿ ಪೂರ್ತಿ ಕತ್ತಲಿರುವುದಿಲ್ಲ. ಕೆಂಪು ಗೋಡೆಯ ಪಕ್ಕದ ಬಿಳಿ ನೆಲಕ್ಕೆ ತುಸು ಕೆಂಪು ಹತ್ತಿರುತ್ತದೆ. ವಿಟೆಡ್‌ನ ಲೆಕ್ಕದಲ್ಲಿ ಈ ಚದುರು ಬೆಳಕಿಗೆ ಜಾಗವಿರಲಿಲ್ಲ.

ಅದನ್ನು ಹಿಡಿದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ, 1984ರಲ್ಲಿ. ಡೊನಾಲ್ಡ್ ಗ್ರೀನ್‌ಬರ್ಗ್ ಆ ತಂಡದ ಹಿರಿಯರು, ವಾಸ್ತುಶಿಲ್ಪದ ಹಿನ್ನೆಲೆಯವರು. ಜೊತೆಗಿದ್ದ ಕೆನೆತ್ ಟೊರೆನ್ಸ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಬಿಸಿಯಾದ ಮೇಲ್ಮೈಗಳ ನಡುವೆ ಶಾಖ ಹೇಗೆ ಹಂಚಿಹೋಗುತ್ತದೆ ಎಂಬ ಲೆಕ್ಕ ಕುಲುಮೆ ಕಟ್ಟುವ ಎಂಜಿನಿಯರುಗಳಿಗೆ ಆಗಲೇ ಗೊತ್ತಿತ್ತು. ಶಾಖವೂ ವಿಕಿರಣ, ಬೆಳಕೂ ವಿಕಿರಣ. ಆ ಲೆಕ್ಕವನ್ನೇ ಬೆಳಕಿಗೆ ಹಾಕಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನ ಹಿರೋಶಿಮಾದಲ್ಲಿ ನಿಶಿತಾ ಮತ್ತು ನಕಾಮೆ ಎಂಬಿಬ್ಬರು ಇದೇ ದಾರಿ ಹಿಡಿದಿದ್ದರು.

ಕಾರ್ನೆಲ್‌ನವರು ಅಲ್ಲಿಗೆ ಬಿಡಲಿಲ್ಲ. ಬಣ್ಣದ ಗೋಡೆಗಳ ಒಂದು ಪುಟ್ಟ ಪೆಟ್ಟಿಗೆಯನ್ನು ನಿಜಕ್ಕೂ ಮಾಡಿದರು. ಅದರದೇ ಅಳತೆಯಲ್ಲಿ ಕಂಪ್ಯೂಟರಿನಲ್ಲೂ ಒಂದನ್ನು ಕಟ್ಟಿದರು. ಒಂದು ಹಳೆಯ ಮಾದರಿಯ ದೊಡ್ಡ ಕ್ಯಾಮೆರಾವನ್ನು ನಿಜವಾದ ಪೆಟ್ಟಿಗೆಗೆ, ಇನ್ನೊಂದನ್ನು ಟಿ.ವಿ. ಪರದೆಗೆ ತಿರುಗಿಸಿಟ್ಟು, ಜನರನ್ನು ಕರೆದು ಎರಡೂ ಕ್ಯಾಮೆರಾಗಳ ಹಿಂದಿನಿಂದ ಇಣುಕಿಸಿ, ಯಾವುದು ಅಸಲಿ ಎಂದು ಕೇಳಿದರು. ಜನರ ಉತ್ತರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲೇನೂ ಇರಲಿಲ್ಲ. 1986ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಜೇಮ್ಸ್ ಕಾಜಿಯಾ ಬೆಳಕಿನ ಎಲ್ಲ ಬಗೆಯ ಓಡಾಟವನ್ನೂ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟ. ಸಮೀಕರಣ ಬರೆಯುವುದು ಒಂದು, ಅದನ್ನು ಬಿಡಿಸುವ ಯಂತ್ರ ಸಿಗುವುದು ಇನ್ನೊಂದು. ಸಾಧಾರಣ ಕಚೇರಿಯ ಕಂಪ್ಯೂಟರಿನಲ್ಲಿ ಇಂಥ ಲೆಕ್ಕ ಕೈಗೆಟುಕುವಂತಾಗಲು ಈ ಶತಮಾನ ಹುಟ್ಟಬೇಕಾಯಿತು. ಬಲ್ಗೇರಿಯಾದ ಸೋಫಿಯಾ ನಗರದ ಪುಟ್ಟ ಕಂಪನಿಯೊಂದು ತಂದ ವಿ-ರೇ ಇಂಥ ಲೆಕ್ಕ ಮಾಡುವ ತಂತ್ರಾಂಶಗಳಲ್ಲಿ ಹೆಸರಾದದ್ದು. ಎಲ್ಮ್‌ಹುಲ್ಟ್‌ನವರೂ ಅದನ್ನೇ ಹಿಡಿದರು.

ಅಂದರೆ 2006ರ ಹೊತ್ತಿಗೆ ಆಕಾರ, ಮರ, ಬೆಳಕು ಮೂರೂ ಸಿದ್ಧವಿದ್ದವು. ಇಷ್ಟಾಗಿಯೂ ಬರ್ಟಿಲ್ ಬಂದ ಮೇಲಿನ ಚಿತ್ರಗಳು ಒಂದೇ ಸಮ ಚೆನ್ನಾಗಿ ಬರಲಿಲ್ಲ. ಒಂಟಿ ಕುರ್ಚಿ ಸರಿ. ಪೂರ್ತಿ ಕೋಣೆಯೆಂದರೆ ಏನೋ ಸಪ್ಪೆ, ಜನ ಬಾಳಿದ ಮನೆ ಅನ್ನಿಸುತ್ತಿರಲಿಲ್ಲ. ಕಾರಣ ತಂತ್ರಾಂಶದಲ್ಲಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತವರಿಗೆ ಸಾಫ್ಟ್‌ವೇರ್ ಕರತಲಾಮಲಕ; ಆದರೆ ಕಿಟಕಿಯ ಬೆಳಕನ್ನು ಎಲ್ಲಿಂದ ತರಬೇಕು, ಸೋಫಾದ ಮೇಲೆ ದಿಂಬನ್ನು ಎಷ್ಟು ಓರೆಯಾಗಿ ಇಡಬೇಕು ಎಂಬುದು ಗೊತ್ತಿರಲಿಲ್ಲ. ಅದು ಗೊತ್ತಿದ್ದ ಫೋಟೋಗ್ರಾಫರುಗಳು ಅದೇ ಕಟ್ಟಡದಲ್ಲಿ, ಈ ಹೊಸಬರನ್ನು ಅನುಮಾನದಿಂದ ನೋಡುತ್ತಾ ಕೂತಿದ್ದರು. ಆಗ ಕಂಪನಿ ಮಾಡಿದ ಏರ್ಪಾಡು ಸರಳ: ಫೋಟೋಗ್ರಾಫರುಗಳೆಲ್ಲ ತ್ರೀಡಿ ಕಲಿಯಬೇಕು, ತ್ರೀಡಿಯವರೆಲ್ಲ ಫೋಟೋಗ್ರಫಿ ಕಲಿಯಬೇಕು. ಇಡೀ ಕತೆಯಲ್ಲಿ ನಿಜವಾದ ಆವಿಷ್ಕಾರ ಎನ್ನಬಹುದಾದದ್ದು ನನಗೆ ಇದೇ. ಪರ್ಲಿನ್, ಕಾಜಿಯಾ ಮುಂತಾದವರ ಬುದ್ಧಿಯನ್ನು ದುಡ್ಡು ಕೊಟ್ಟು ಡಬ್ಬದಲ್ಲಿ ಕೊಳ್ಳಬಹುದಿತ್ತು. ನೋಡುವ ಕಣ್ಣನ್ನು ಕೊಳ್ಳುವಂತಿರಲಿಲ್ಲ. ಪಕ್ಕದ ಕೋಣೆಯವನಿಂದ ಕಲಿಯಬೇಕಿತ್ತು.

ಫಲ 2009ರಲ್ಲಿ ತಮಾಷೆಯಾಗಿ ಗೊತ್ತಾಯಿತು. ಕಂಪನಿಯ ಒಳಗಿನಿಂದಲೇ ದೂರಿನ ಕರೆ ಬಂತು: ಈ ಕಂಪ್ಯೂಟರ್ ಚಿತ್ರಗಳನ್ನು ನಿಲ್ಲಿಸಿ, ಇನ್ನೂರು ಚಿತ್ರ ನೋಡಿದ್ದೇವೆ, ಸಹಿಸಲಾಗುತ್ತಿಲ್ಲ, ನೀವು ಇನ್ನೂ ಕಲಿಯಬೇಕು. ಆ ರಾಶಿಯಲ್ಲಿ ಅವರಿಗೆ ಮೆಚ್ಚಿಕೆಯಾದದ್ದು ಎರಡೋ ಮೂರೋ. ಎನ್‌ಥೆಡ್ ತಂಡದವರು ರಾಶಿಯನ್ನು ತೆಗೆದು ಒಂದೊಂದರ ಮೂಲ ಹುಡುಕಿದರು. ಚೆನ್ನಾಗಿಲ್ಲ ಎಂದವು ಕ್ಯಾಮೆರಾದ ಫೋಟೋಗಳು. ಚೆನ್ನಾಗಿವೆ ಎಂದವು ಕಂಪ್ಯೂಟರಿನಲ್ಲಿ ಹುಟ್ಟಿದವು. ಕಾರ್ನೆಲ್‌ನವರು ಕ್ಯಾಮೆರಾ ಹೂಡಿ, ಜನರನ್ನು ಕರೆದು ಮಾಡಿದ ಪರೀಕ್ಷೆ ಇಪ್ಪತ್ತಮೂರು ವರ್ಷದ ಮೇಲೆ ಯಾರೂ ಏರ್ಪಡಿಸದೆ ತಾನಾಗಿ ನಡೆದುಹೋಗಿತ್ತು. ಅಂದಿನಿಂದ ಆ ವಿಭಾಗದಲ್ಲಿ ಚಿತ್ರ ಹೇಗೆ ಮಾಡಿದ್ದು ಎಂದು ಕೇಳುವುದನ್ನು ಬಿಟ್ಟು, ಚೆನ್ನಾಗಿದೆಯೇ ಇಲ್ಲವೇ ಎಂದಷ್ಟೇ ಕೇಳತೊಡಗಿದರಂತೆ. ಮರುವರ್ಷ ಪೂರ್ತಿ ಕೋಣೆಯ ಚಿತ್ರವೂ ಬಂತು.

ನೋಡುವ ಕಣ್ಣು ಎಂದರೆ ಏನು ಎಂಬುದನ್ನು ತಿಳಿಯಲು ಪ್ರಸಿದ್ಧ ಕುರ್ಚಿಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವವರ ಕಷ್ಟಗಳನ್ನು ನೋಡಬೇಕು. ಈಗ ಇಂಥವರು ಲೋಕದ ತುಂಬ ಇದ್ದಾರೆ. ವಾಸ್ತುಶಿಲ್ಪಿಗಳಿಗೆ, ಸಿನಿಮಾದವರಿಗೆ, ಆಟ ತಯಾರಿಸುವವರಿಗೆ ಮಾದರಿಗಳನ್ನು ಮಾಡಿಕೊಡುತ್ತಾರೆ. ಕಲಿಯುವವರು ಮೊದಲು ಕೈಹಾಕುವುದು ಹೆಚ್ಚಾಗಿ ಡಚ್ ವಿನ್ಯಾಸಕಾರ ಗೆರಿಟ್ ರೀಟ್‌ವೆಲ್ಡ್‌ನ ಕೆಂಪು-ನೀಲಿ ಕುರ್ಚಿಯಂಥದ್ದಕ್ಕೆ. ನೇರ ಕೋಲುಗಳು, ಎರಡು ಹಲಗೆ. ಬಾಗು ಎಂಬುದೇ ಇಲ್ಲ. ಅರ್ಧ ಗಂಟೆಯಲ್ಲಿ ಕಟ್ಟಿ ಮುಗಿಸಿ ನೋಡಿದರೆ ಕುರ್ಚಿ ಸುಳ್ಳು ಸುಳ್ಳಾಗಿ ಕಾಣುತ್ತದೆ. ಅಳತೆಯೆಲ್ಲ ಸರಿಯಿದೆ. ಹಾಗಾದರೆ ತಪ್ಪೆಲ್ಲಿ?

ಅಂಚಿನಲ್ಲಿ. ಕಂಪ್ಯೂಟರಿನ ಕೋಲಿನಲ್ಲಿ ಎರಡು ಮುಖಗಳು ಕೂಡುವ ಗೆರೆಗೆ ದಪ್ಪವೇ ಇಲ್ಲ. ಲೋಕದಲ್ಲಿ ಅಂಥ ಅಂಚಿಲ್ಲ. ಬಡಗಿ ಉಜ್ಜುಗೊರಡು ಹೊಡೆದ ಮೇಲೆ ಸ್ಯಾಂಡ್ ಪೇಪರಿನಿಂದ ಒಮ್ಮೆಯಾದರೂ ಅಂಚನ್ನು ಸವರುತ್ತಾನೆ, ಇಲ್ಲದಿದ್ದರೆ ಕೈಗೆ ಸಿಬರು ಹತ್ತುತ್ತದೆ, ಬಣ್ಣವೂ ನಿಲ್ಲುವುದಿಲ್ಲ. ನಿಮ್ಮ ಮುಂದಿನ ಮೇಜಿನ ಅಂಚನ್ನು ಬೆರಳಿನಿಂದ ತಡವಿ ನೋಡಿ. ಒಂದು ಮಿಲಿಮೀಟರೋ ಅದಕ್ಕೂ ಕಡಿಮೆಯೋ ಆದ ಆ ದುಂಡಿನ ಮೇಲೆ ಬೆಳಕು ಬಿದ್ದು ಸಣ್ಣ ಬಿಳಿ ಗೆರೆ ಮಿನುಗುತ್ತದೆ. ಆ ಗೆರೆಯಿಂದಲೇ ಕಣ್ಣು ಇದು ಮರ, ಇದಕ್ಕೆ ತೂಕವಿದೆ ಎಂದು ನಂಬುತ್ತದೆ. ಹೀಗೆ ಅಂಚಿನ ಚೂಪು ಮುರಿಯುವುದನ್ನು ತ್ರೀಡಿಯವರು ಬೆವೆಲ್ ಮಾಡುವುದು ಎನ್ನುತ್ತಾರೆ. ಹೊಸಬರ ಕೆಲಸವನ್ನೂ ಪಳಗಿದವರ ಕೆಲಸವನ್ನೂ ಬೇರೆ ಮಾಡುವುದು ಎಷ್ಟೋ ಸಲ ಇದೊಂದೇ.

ಮುಂದಿನ ಪಾಠ ಥೋನೆಟ್ ಕುರ್ಚಿಯದು. ಮಿಖಾಯೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ಯುರೋಪಿನ ಕಾಫಿ ಅಂಗಡಿಗಳನ್ನೆಲ್ಲ ಆಳಿತು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಹೊರಮೈ ಸೀಳದಂತೆ ಕಬ್ಬಿಣದ ಪಟ್ಟಿ ಕಟ್ಟಿ, ಬಾಗಿಸಿ ಅಚ್ಚಿನಲ್ಲಿ ಒಣಗಿಸುತ್ತಿದ್ದರು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ. ಲುಂಡ್‌ಗ್ರೆನ್ ಮೇಜಿನ ಕಾಲು ಕೀಳುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಬಿಡಿಭಾಗದ ವ್ಯಾಪಾರ ಭರ್ಜರಿಯಾಗಿ ನಡೆದಿತ್ತು ಎಂದದ್ದು ಇದಕ್ಕೇ. ಕಂಪ್ಯೂಟರಿನಲ್ಲಿ ಇದನ್ನು ಮಾಡಲು ಒಂದು ಬಾಗು ಎಳೆದು, ಅದರುದ್ದಕ್ಕೂ ಒಂದು ವೃತ್ತವನ್ನು ಓಡಿಸಿದರೆ ಆಯಿತು ಅನ್ನಿಸುತ್ತದೆ. ಹಾಗೆ ಮಾಡಿದರೆ ಬರುವುದು ನೀರಿನ ಪೈಪು. ಥೋನೆಟ್‌ನ ಕೋಲು ಒಂದೇ ದಪ್ಪದ್ದಲ್ಲ. ಬಲ ಬೇಕಾದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಆ ಏರಿಳಿತವನ್ನು ಕಾಣದೆ ಮಾಡಿದ ಮಾದರಿಗಳೇ ಹೆಚ್ಚು, ನೋಡಿದ ಕೂಡಲೆ ಸಿಕ್ಕಿಬೀಳುತ್ತವೆ.

ಪ್ಲಾಸ್ಟಿಕ್ಕಿನ ಪ್ಯಾಂಟನ್ ಕುರ್ಚಿಯದು ತದ್ವಿರುದ್ಧ ಸಮಸ್ಯೆ. ತಲೆಯಿಂದ ಪಾದದವರೆಗೆ ಒಂದೇ ಎರಕ, ಕೀಲಿಲ್ಲ, ಜೋಡಣೆಯಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಕೊಟ್ಟ ವಿಧಾನ: ಒರಟಾದ ಚೌಕಗಳ ಬಲೆಯನ್ನು ಕಟ್ಟಿ ಕೊಟ್ಟರೆ ಕಂಪ್ಯೂಟರ್ ಅದನ್ನು ಮತ್ತೆ ಮತ್ತೆ ಒಡೆದು ನಯ ಮಾಡುತ್ತದೆ. ಬಲೆಯ ಚೌಕಗಳು ಕುರ್ಚಿಯ ಮೈ ಹರಿದ ದಿಕ್ಕಿನಲ್ಲೇ ಹರಿಯಬೇಕು, ಇಲ್ಲದಿದ್ದರೆ ಹೊಳಪಿನಲ್ಲಿ ಸುಕ್ಕು ಕಾಣುತ್ತದೆ. ಬಾರ್ಸಿಲೋನಾ ಕುರ್ಚಿಯಲ್ಲಿ ಉಕ್ಕಿನ ಪಟ್ಟಿಗಳು ಸುಲಭ. ಚರ್ಮದ ಮೆತ್ತೆ ಪ್ರಾಣ ಹಿಂಡುತ್ತದೆ. ತುಂಡು ತುಂಡಾಗಿ ಕತ್ತರಿಸಿ ಹೊಲಿದು ಗುಂಡಿ ಜಗ್ಗಿದ ಮೆತ್ತೆಯಲ್ಲಿ ಒಂದೊಂದು ಗುಂಡಿಯ ಸುತ್ತಲೂ ಬೇರೆ ಬೇರೆ ನೆರಿಗೆ. ಒಂದನ್ನು ಮಾಡಿ ಉಳಿದೆಡೆ ನಕಲು ಅಂಟಿಸಿದರೆ ಮುಗಿಯಿತು, ಗುಟ್ಟು ರಟ್ಟು.

ಪಾಲಿಶ್ ಮಾಡಿದ ಮರದ ಹೊಳಪು ಎಲ್ಲಕ್ಕಿಂತ ತಡವಾಗಿ ಕೈಗೆ ಸಿಕ್ಕಿತು. ಬೀಟೆಯ ಮಂಚಕ್ಕೋ ತೇಗದ ಬಾಗಿಲಿಗೋ ಪಾಲಿಶ್ ಹೊಡೆದು ಪಕ್ಕಕ್ಕೆ ಸರಿದು ನೋಡಿದವರಿಗೆ ಗೊತ್ತು: ನಾವು ಸರಿದಂತೆ ಮರದೊಳಗೆ ಬೆಳಕಿನ ಪಟ್ಟೆಯೊಂದು ಸರಿದಾಡುತ್ತದೆ, ಕಪ್ಪಾಗಿದ್ದ ಜಾಗ ಬೆಳ್ಳಗಾಗುತ್ತದೆ. ಇದು ವಾರ್ನಿಷ್‌ನ ಹೊಳಪಲ್ಲ. ಅದು ಬೇರೆಯೇ ಮೇಲೆ ಕೂತಿರುತ್ತದೆ. 2005ರಲ್ಲಿ ಕಾರ್ನೆಲ್‌ನ ಸ್ಟೀವ್ ಮಾರ್ಷ್‌ನರ್ ತಂಡ ಪಾಲಿಶ್ ಮಾಡಿದ ಹಲಗೆಗಳನ್ನು ನಾನಾ ಕೋನಗಳಿಂದ ಅಳೆದು ಕಾರಣ ವಿವರಿಸಿತು. ವಾರ್ನಿಷ್‌ನ ಕೆಳಗೆ ಮರದ ನಾರುಗಳು ಒಂದೇ ದಿಕ್ಕಿಗೆ ಮಲಗಿರುವುದಿಲ್ಲ. ಕೆಲವು ಒಳಕ್ಕೆ ಇಳಿದಿರುತ್ತವೆ, ಕೆಲವು ಹೊರಕ್ಕೆ ಎದ್ದಿರುತ್ತವೆ. ಒಂದೊಂದು ನಾರೂ ತಾನು ಓರೆಯಾದ ದಿಕ್ಕಿಗೆ ತಕ್ಕಂತೆ ಬೆಳಕನ್ನು ಎಸೆಯುತ್ತದೆ. ಆವರೆಗಿನ ಡಿಜಿಟಲ್ ಮರಗಳಿಗೆ ಮೇಲಿನ ಹೊಳಪಿತ್ತು, ಒಳಗಿನದು ಇರಲಿಲ್ಲ.

ಚಂಡೀಗಢದ ಕುರ್ಚಿ ಇನ್ನೊಂದು ಬಗೆಯ ತಲೆನೋವು ಕೊಡುತ್ತದೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇಯ ಸೋದರಬಂಧು ಪಿಯರ್ ಜೆನರೆ ಆ ಹೊಸ ನಗರದ ಕಚೇರಿಗಳಿಗಾಗಿ 1950ರ ದಶಕದಲ್ಲಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳಿವು. ಪಕ್ಕದಿಂದ ನೋಡಿದರೆ ಕಾಲು ತಲೆಕೆಳಗಾದ ವಿ ಅಕ್ಷರ. ಕಚೇರಿಗಳು ಹಳೆಯದಾಯಿತೆಂದು ಹರಾಜಿಗೆ ಹಾಕಿದ ಕುರ್ಚಿಗಳು ಯುರೋಪು ಅಮೆರಿಕಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದ ಮೇಲೆ, ಇವುಗಳ ಡಿಜಿಟಲ್ ಮಾದರಿಗಳಿಗೂ ಬೇಡಿಕೆ ಹುಟ್ಟಿತು. ಆದರೆ ಮಾದರಿ ಮಾಡುವವನು ಅಳೆಯಬೇಕಾದದ್ದು ಯಾವ ಕುರ್ಚಿಯನ್ನು? ಇವನ್ನು ಒಂದೇ ಕಾರ್ಖಾನೆ ಮಾಡಲಿಲ್ಲ. ಬೇರೆ ಬೇರೆ ಕಾರ್ಯಾಗಾರಗಳ ಬಡಗಿಗಳು ಕೈಯಿಂದ ಮಾಡಿದರು, ಕೈಯಿಂದ ಕೈಗೆ ದಪ್ಪ ಓರೆ ಬದಲಾಯಿತು. ನನಗೆ ಕಂಡ ಬಹುಪಾಲು ಡಿಜಿಟಲ್ ಚಂಡೀಗಢ ಕುರ್ಚಿಗಳು ಮಾತ್ರ ಎಡಬಲ ಒಂದಿನಿತೂ ವ್ಯತ್ಯಾಸವಿಲ್ಲದೆ ಕನ್ನಡಿಯ ಪ್ರತಿಬಿಂಬದಷ್ಟು ಸರಿಸಮ. ಅಂಥ ಒಂದು ಕುರ್ಚಿಯೂ ಆ ನಗರದಲ್ಲಿ ಇದ್ದಿರಲಾರದು.

ಐಕಿಯಾಗೆ ಬೇಕಾದದ್ದು ಇಂಥ ಭಕ್ತಿಯಲ್ಲ, ವೇಗ. 2012ರಲ್ಲಿ ಕಂಪನಿಯ ಕ್ಯಾಟಲಾಗ್, ವೆಬ್‌ಸೈಟು, ಕರಪತ್ರಗಳ ಶೇ 12ರಷ್ಟು ಚಿತ್ರಗಳು ಕಂಪ್ಯೂಟರಿನವು. 2014ರ ಹೊತ್ತಿಗೆ ಒಂಟಿ ಸಾಮಾನಿನ ಚಿತ್ರಗಳಲ್ಲಿ ನಾಲ್ಕರಲ್ಲಿ ಮೂರು ಹಾಗೆಯೇ ಬರುತ್ತಿದ್ದವು. ಅಷ್ಟರಲ್ಲಿ ಸುಮಾರು 25,000 ಮಾದರಿಗಳ ಉಗ್ರಾಣ ಕೂಡಿಬಿದ್ದಿತ್ತು.

ಉಗ್ರಾಣ ತುಂಬಿದ ಮೇಲೆ ಅದಕ್ಕೆ ಬೇರೆ ಉಪಯೋಗ ಹೊಳೆಯಿತು. 2017ರಲ್ಲಿ ಬಂದ ಐಕಿಯಾ ಪ್ಲೇಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಫೋನನ್ನು ನಿಮ್ಮ ಹಜಾರದತ್ತ ಹಿಡಿದರೆ, ಎರಡು ಸಾವಿರದಷ್ಟು ಸಾಮಾನುಗಳಲ್ಲಿ ಬೇಕಾದದ್ದು ನಿಜದ ಅಳತೆಯಲ್ಲೇ ಬಂದು ಅಲ್ಲಿ ನಿಲ್ಲುತ್ತಿತ್ತು. ಕಾರು ಅಳೆಯಿಸಿದ ಆ ಸದರ್‌ಲೆಂಡ್ 1965ರಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದರು. ಕಂಪ್ಯೂಟರ್ ವಸ್ತುಗಳನ್ನೇ ಸೃಷ್ಟಿಸುವ ಕೋಣೆಯೊಂದನ್ನು ಅಲ್ಲಿ ಊಹಿಸಿ, ಅದರಲ್ಲಿ ತೋರಿಸುವ ಕುರ್ಚಿಯ ಮೇಲೆ ಕೂರಲೂಬಹುದು ಎಂದಿದ್ದರು. ಕೂರುವುದೊಂದು ಬಿಟ್ಟು ಉಳಿದದ್ದು ಐವತ್ತೆರಡು ವರ್ಷದಲ್ಲಿ ಕಿಸೆಗೆ ಬಂತು.

2016ರಲ್ಲಿ 20 ಕೋಟಿ ಪ್ರತಿ ಅಚ್ಚಾಗಿದ್ದ ಕ್ಯಾಟಲಾಗನ್ನು ನಿಲ್ಲಿಸುವುದಾಗಿ ಕಂಪನಿ 2020ರ ಡಿಸೆಂಬರಿನಲ್ಲಿ ಸಾರಿತು. ಬೆಂಗಳೂರಿನ ನಾಗಸಂದ್ರದ ಅಂಗಡಿ ತೆರೆದದ್ದು 2022ರ ಜೂನಿನಲ್ಲಿ. ಹಾಗಾಗಿ ಮೆಟ್ರೊ ಇಳಿದು ಅಲ್ಲಿಗೆ ಹೋಗುವವರಿಗೆ ಅಚ್ಚಿನ ಕ್ಯಾಟಲಾಗಿನ ಪರಿಚಯವೇ ಇಲ್ಲ. ಆದರೆ ಬೆಂಗಳೂರಿಗೆ ಕ್ಯಾಮೆರಾ ಕಾಣದ ಕುರ್ಚಿಗಳು ಅದಕ್ಕೂ ಮೊದಲೇ ಬಂದಿದ್ದವು. ಹೊಸ ಫ್ಲ್ಯಾಟು ಕೊಂಡವರಿಗೆ ಇಂಟೀರಿಯರ್‌ನವರು ವಾಟ್ಸ್‌ಆ್ಯಪ್‌ನಲ್ಲಿ ‘ತ್ರೀಡಿ ವ್ಯೂ’ ಕಳಿಸುತ್ತಾರೆ. ಗಂಡ ಹೆಂಡತಿ ನೋಡಿ ಒಪ್ಪಿ ಅಡ್ವಾನ್ಸ್ ಕೊಟ್ಟ ಮೇಲೆ ಅದರ ಪ್ರಿಂಟು ಬಡಗಿಯ ಕೈಗೆ ಹೋಗುತ್ತದೆ. ಅವನ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ‘ಸಾರ್, ಜಾಯಿಂಟ್ ಎಲ್ಲಿ ಕೊಡ್ಲಿ?’

ಚಿತ್ರದಲ್ಲಿ ಹತ್ತು ಅಡಿಯ ವಾರ್ಡ್‌ರೋಬಿನ ಪಕ್ಕ ನೆಲದಿಂದ ಸೂರಿನವರೆಗೆ ಒಂದೇ ಹಾಳೆ. ಪ್ಲೈವುಡ್ಡು ಬರುವುದು ಎಂಟಕ್ಕೆ ನಾಲ್ಕು ಅಡಿ, ಸನ್‌ಮೈಕಾವೂ ಅಷ್ಟೇ. ಎಲ್ಲೋ ಒಂದು ಕಡೆ ಗೆರೆ ಬಂದೇ ಬರುತ್ತದೆ. ಜಾಣ ತ್ರೀಡಿಯವರು ಬಡಗಿಯ ಮಾತು ಕೇಳಿ ವಾಪಸು ಹೋಗಿ ಚಿತ್ರದಲ್ಲೂ ಆ ಸಂದಿನ ಗೆರೆ ಎಳೆಯುತ್ತಾರೆ. ಗೆರೆ ಬಿದ್ದ ಕೂಡಲೆ ವಾರ್ಡ್‌ರೋಬು ಮೊದಲಿಗಿಂತ ನಿಜವಾಗಿ ಕಾಣುತ್ತದೆ. ಗಿರಾಕಿಗಳು ಮಾತ್ರ ಆ ಗೆರೆಯನ್ನು ತೆಗೆಯಲು ಸಾಧ್ಯವೇ ಎಂದು ಕೇಳುತ್ತಾರೆ.